ಎರಡು ದೇಶದ ಕಾಡಿಗೆ ಒಂದೇ ಅಳತೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಬಿದ್ದಿರುವ, ಕಾಡಿನ ಎಣಿಕೆಯ ಹದಿನಾಲ್ಕು ಚೌಕಗಳನ್ನು ಖುದ್ದಾಗಿ ಹೋಗಿ ನೋಡಿ ಬರಬೇಕು, ಮೂರು ವಾರ ಸಮಯ ಎಂದು ನಮ್ಮ ಸಂಸ್ಥೆಯ ಪರಿಶೀಲಕರ ಪತ್ರ ಬಂದಾಗ ನನಗೆ ಖುಷಿಯೇ ಆಯಿತು. ಅದಕ್ಕೆ ಮುಂಚೆ ಹನ್ನೊಂದು ತಿಂಗಳು ನಾನು ಕಾಡನ್ನು ಕಂಪ್ಯೂಟರ್ ಪರದೆಯ ಮೇಲಷ್ಟೇ ನೋಡಿದ್ದೆ. ಶಿಕಾರಿಪುರ ಪೇಟೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆ ನನ್ನ ಕಚೇರಿ. ಕೆಳಗೆ ಗಿರಣಿ ಶುರುವಾದರೆ ಮೇಜು ಸಣ್ಣಗೆ ನಡುಗುತ್ತಿತ್ತು, ಪರದೆಯ ಮೇಲಿನ ಚುಕ್ಕಿಗಳೂ ನಡುಗಿದಂತೆ ಕಾಣುತ್ತಿದ್ದವು. ಹಾಗಾಗಿ ಜನ ಜೋಳ ಬೀಸಿಸಲು ಬರುವ ಬೆಳಗಿನ ಹೊತ್ತು ಬಿಟ್ಟು, ಮಧ್ಯಾಹ್ನದ ಮೇಲೆ ಎಣಿಕೆಗೆ ಕೂರುತ್ತಿದ್ದೆ.

ಎಣಿಕೆ ಎಂದರೆ ಏನೆಂದು ಮೊದಲು ಹೇಳಬೇಕು. ಯಾವ ದೇಶದಲ್ಲಿ ಎಷ್ಟು ಕಾಡಿದೆ, ಹಿಂದೆ ಎಷ್ಟಿತ್ತು, ಹೆಚ್ಚಿತೋ ಕಡಿಮೆಯಾಯಿತೋ ಎಂದು ಹೋಲಿಸಿ ನೋಡುವ ಕೆಲಸ ಅದು. ಕೇಳಲು ಸುಲಭ. ಪ್ರತಿ ದೇಶವೂ ತನ್ನ ಲೆಕ್ಕ ತಾನು ಕೊಡುತ್ತದೆ, ಪಕ್ಕಪಕ್ಕ ಇಟ್ಟರೆ ಮುಗಿಯಬೇಕು. ಆದರೆ ಒಬ್ಬೊಬ್ಬರ ಅಳತೆಗೋಲು ಒಂದೊಂದು ಉದ್ದ. ಒಂದು ದೇಶ ಆಕಾಶದಿಂದ ಕಂಡ ಮರವನ್ನೆಲ್ಲ ಕಾಡೆಂದು ಬರೆಯುತ್ತದೆ. ಇನ್ನೊಂದು ದೇಶ ದಫ್ತರಿನಲ್ಲಿ ಕಾಡೆಂದು ನಮೂದಾದ ಭೂಮಿಯನ್ನೆಲ್ಲ ಸೇರಿಸುತ್ತದೆ, ಅಲ್ಲಿ ಒಂದು ಮರ ಇರಲಿ ಬಿಡಲಿ. ನಡುವೆ ಯಾರಾದರೂ ವ್ಯಾಖ್ಯಾನ ಬದಲಿಸಿದರೆ ಒಂದು ಸಸಿ ನೆಡದೆಯೂ ಕಾಡು ಏರುತ್ತದೆ, ಒಂದು ಕೊಡಲಿ ಏಟು ಬೀಳದೆಯೂ ಇಳಿಯುತ್ತದೆ. ಆದ್ದರಿಂದ ನಮ್ಮ ಸಂಸ್ಥೆ ಬೇರೆ ದಾರಿ ಹಿಡಿದಿತ್ತು. ಎಲ್ಲ ದೇಶಗಳ ಮೇಲೂ ಒಂದೇ ನಿಯಮದಲ್ಲಿ ಚೌಕಗಳನ್ನು ಹರಡಿ, ಪ್ರತಿ ಚೌಕದ ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಒಂದೇ ವ್ಯಾಖ್ಯಾನದ ಪ್ರಕಾರ ಓದಿಸುವುದು.

ಚೌಕದ ಒಂದು ಬದಿ ಎಪ್ಪತ್ತು ಮೀಟರ್. ನಮ್ಮ ಕಡೆಯ ಮಾತಲ್ಲಿ ಒಂದೆಕರೆ ಎಂಟು ಗುಂಟೆಗೆ ಸ್ವಲ್ಪ ಮೇಲೆ. ಅದರೊಳಗೆ ಸಾಲಿಗೆ ಏಳರಂತೆ ಏಳು ಸಾಲು, ನಲವತ್ತೊಂಬತ್ತು ಚುಕ್ಕಿ. ಐದು ಚುಕ್ಕಿಯಾದರೂ ಮರದ ತಲೆಯ ಮೇಲೆ ಬಿದ್ದರೆ ನೆಲದ ನೂರಕ್ಕೆ ಹತ್ತು ಭಾಗ ಮರ ಮುಚ್ಚಿದೆ ಎಂದು ಅರ್ಥ. ಮರ ಐದು ಮೀಟರ್ ಎತ್ತರ ಬೆಳೆದಿರಬೇಕು, ಇಲ್ಲವೇ ಬೆಳೆಯುವಂಥದ್ದಾಗಿರಬೇಕು. ಅಡಿಕೆ, ಮಾವು, ತೆಂಗಿನಂಥ ತೋಟದ ಬೆಳೆ ಸೇರುವುದಿಲ್ಲ. ಪ್ರತಿ ಚೌಕಕ್ಕೂ ನಾಲ್ಕು ಬೇರೆ ಬೇರೆ ವರ್ಷದ ಚಿತ್ರ. ನಾಲ್ಕರಲ್ಲೂ ಕಾಡು ಕಂಡರೆ ‘ಉಳಿದಿದೆ’, ಕೊನೆಯದರಲ್ಲಿ ಕಾಣದಿದ್ದರೆ ‘ನಷ್ಟ’.

ನನ್ನ ಪಾಲಿಗೆ ಎರಡು ದೇಶ ಬಂದಿದ್ದವು. ದಕ್ಷಿಣ ಅಮೆರಿಕದ ಒಂದು ದೇಶ, ಮತ್ತು ನಮ್ಮದು. ಆ ದೇಶದ ಚಿತ್ರಗಳು ಮೊದಲು ಸಿಕ್ಕಿದ್ದರಿಂದ ಅದನ್ನು ಮೊದಲು ಮುಗಿಸಿ ಕಳಿಸಿದ್ದೆ. ಬೇಗ ಮುಗಿಸಿದ್ದಕ್ಕೆ ಒಳ್ಳೆಯ ಮಾತು ಬಂದಿತ್ತು. ಮುಂದಿನ ಹಂತದಲ್ಲಿ ಹತ್ತು ಜನ ಚಿತ್ರ ಓದುವವರ ತಂಡವನ್ನು ನಾನೇ ನೋಡಿಕೊಳ್ಳಬೇಕು ಎಂಬ ಮಾತೂ ಪರಿಶೀಲಕರಿಂದ ಬಂದಿತ್ತು. ನಮ್ಮ ದೇಶದ್ದು ಓದಿ ಮುಗಿದಾಗ, ನಾನು ಇಲ್ಲೇ ಇರುವವಳಾದ್ದರಿಂದ ಸುತ್ತಲಿನ ಹದಿನಾಲ್ಕು ಚೌಕಗಳನ್ನು ನೆಲದ ಮೇಲೆ ತಾಳೆ ನೋಡಲು ಹೇಳಿದರು. ಆ ದೇಶಕ್ಕೆ ಅಂಥ ತಾಳೆ ಇರಲಿಲ್ಲ. ಅಲ್ಲಿ ಹೋಗಿ ನೋಡಲು ನಮ್ಮವರು ಯಾರೂ ಇರಲಿಲ್ಲ.

ಮಳೆಗಾಲ ಮುಗಿದು ಮೆಕ್ಕೆಜೋಳದ ಕಟಾವು ನಡೆದಿದ್ದ ದಿನಗಳು. ಮೊದಲು ಶಿಕಾರಿಪುರ ಕಡೆಯ ಎಂಟು ಚೌಕ ಹಿಡಿದೆ. ಸ್ಕೂಟಿಯ ಮುಂದೆ ಅಳತೆಯ ಟೇಪು, ನಾಲ್ಕು ಮೂಲೆಗೆ ಕಟ್ಟಲು ಕೆಂಪು ಬಟ್ಟೆ, ಒಂದು ಕೋಲು, ಬುತ್ತಿ. ಮೊಬೈಲಿನಲ್ಲಿ ಚೌಕದ ಮೂಲೆಗಳ ಗುರುತು. ಬಳ್ಳಿಗಾವಿ ಹತ್ತಿರದ ಚೌಕ ಕೆರೆಯಂಗಳದ ಜಾಲಿಯ ಮೇಲೆ ಬಿದ್ದಿತ್ತು, ನಾನು ಬರೆದಂತೆಯೇ ಇತ್ತು. ನಾಲ್ಕು ಚೌಕ ಮೆಕ್ಕೆಜೋಳದ ಹೊಲ. ಅವೂ ಸರಿ. ಎರಡು ದಿನದಲ್ಲಿ ಐದು ಮುಗಿಸಿ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೆಚ್ಚಾಯಿತು.

ಆರನೆಯದು ಉಡುತಡಿಯಿಂದ ಸ್ವಲ್ಪ ದೂರದಲ್ಲಿ, ಹೊಲಗಳ ಅಂಚಿಗೆ ಹತ್ತಿದ ಗುಡ್ಡದ ಬುಡದಲ್ಲಿ. ಪರದೆಯ ಮೇಲೆ ಅಲ್ಲಿ ಮೂರೇ ಚುಕ್ಕಿ ಮರದ ಮೇಲೆ ಬಿದ್ದಿದ್ದವು, ಹಾಗಾಗಿ ಕಾಡಲ್ಲ ಎಂದು ಬರೆದಿದ್ದೆ. ಹೋಗಿ ನಿಂತರೆ ಎದುರಿಗೆ ಮತ್ತಿ, ದಿಂಡಲು ಮರಗಳು, ನಡುವೆ ಕೆಲವು ತೇಗ. ಜಾಗ ತಪ್ಪಿದೆನೇನೋ ಎಂದು ಮೊಬೈಲನ್ನು ಎರಡು ಸಲ ಆರಿಸಿ ಹಚ್ಚಿದೆ. ಜಾಗ ಅದೇ. ಎತ್ತರ ಅಳೆದೆ. ಕಣ್ಣಿನಿಂದ ಮುಷ್ಟಿಗಿರುವಷ್ಟೇ ಉದ್ದದ ಕೋಲನ್ನು ನೆಟ್ಟಗೆ ಹಿಡಿದು, ಕೋಲಿನ ತುದಿ ಮರದ ತುದಿಗೆ, ಕೋಲಿನ ಬುಡ ಮರದ ಬುಡಕ್ಕೆ ಸರಿಹೊಂದುವ ತನಕ ಹಿಂದೆ ಹಿಂದೆ ನಡೆಯುವುದು. ನಿಂತ ಜಾಗದಿಂದ ಮರಕ್ಕಿರುವ ದೂರವೇ ಮರದ ಎತ್ತರ. ಎಂಟು ಮೀಟರ್ ಬಂತು.

ಪಕ್ಕದ ಹೊಲದಲ್ಲಿ ತೆನೆ ಮುರಿಯುತ್ತಿದ್ದ ಒಬ್ಬ ಹೆಂಗಸು ನಾನು ಕೋಲು ಹಿಡಿದು ಹಿಂದಕ್ಕೆ ನಡೆಯುವುದನ್ನು ಬಹಳ ಹೊತ್ತು ನೋಡಿ, ಬದುವಿಗೆ ಬಂದರು. ಸರ್ವೆಯವರೋ ಎಂಬ ಅನುಮಾನ ಅವರಿಗೆ. ಹೊಲದ ಗಡಿಗೂ ನನ್ನ ಅಳತೆಗೂ ಸಂಬಂಧ ಇಲ್ಲ ಎಂದು ಹೇಳಿ, ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದೆ. ಬೂದು ನೆಲ, ಮೇಲೆ ಗೀರು ಎಳೆದಂಥ ನೆರಳು. ಅವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದು ಶಿವರಾತ್ರಿ ಮುಂದಿಂದು ಇರಬೇಕ್ರಿ ಅಕ್ಕಾರ. ಅವಾಗ ಇಲ್ಲಿ ಒಂದು ಎಲಿ ಇರಂಗಿಲ್ಲ. ಎಲಿ ಉದುರಿದ್ರ ಗಿಡ ಸತ್ತಂಗ ಆಗಂಗಿಲ್ರಿ.”

ನಾಲ್ಕೂ ಚಿತ್ರದ ಕೆಳಗಿನ ತಿಂಗಳು ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು. ಎಲೆ ಉದುರುವ ಕಾಡಿಗೆ ಮಳೆಗಾಲ ಮುಗಿದ ಮೇಲಿನ ಚಿತ್ರವನ್ನೇ ತೆಗೆದುಕೊಳ್ಳಬೇಕು ಎಂದು ನಮ್ಮ ಕೈಪಿಡಿಯಲ್ಲೂ ಇದೆ. ಇದೊಂದರಲ್ಲಿ ನಾನು ತಿಂಗಳು ನೋಡಿರಲಿಲ್ಲ. ತಪ್ಪನ್ನು ಬರೆದುಕೊಂಡು, ಎಂಟಕ್ಕೆ ಒಂದು ಹೋದರೆ ದೊಡ್ಡದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಉಳಿದೆರಡು ಸರಿ ಬಂದವು.

ಸೊರಬ ಕಡೆಯ ಆರು ಚೌಕಗಳಿಗೆ ಒಬ್ಬಳೇ ಹೋಗುವಂತಿರಲಿಲ್ಲ. ಅರಣ್ಯದವರಿಂದ ಅನುಮತಿ ಪತ್ರ ಪಡೆಯಲು ಐದು ದಿನ ಹಿಡಿಯಿತು. ಹೊಸಬಾಳೆ ಕಡೆಯವರು, ಕಾಡು ಕಾಯುವ ವಾಚರ್ ಆಗಿದ್ದು ನಿವೃತ್ತರಾದವರೊಬ್ಬರಿದ್ದಾರೆ, ಅವರನ್ನು ಕರೆದುಕೊಂಡು ಹೋಗಿ ಎಂದು ಅಲ್ಲಿಯವರೇ ಹೇಳಿದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ನಡೆಯುವಾಗ ಮಾತಿಲ್ಲ, ನಿಂತಾಗ ಮಾತ್ರ ಮಾತು. ನನ್ನ ಮೊಬೈಲಿನ ಗುರುತು ಮರಗಳ ಕೆಳಗೆ ಒಂದು ಕಡೆ ನಿಲ್ಲದೆ ಹತ್ತಿಪ್ಪತ್ತು ಮಾರು ಅತ್ತಿತ್ತ ಜಾರುತ್ತಿತ್ತು. ಅದು ನಿಲ್ಲುವ ತನಕ ಕಾಯಬೇಕೆಂದು ಹೇಳಿದರೆ, ಅವರು ಒಂದು ಬೊಡ್ಡೆಯ ಮೇಲೆ ಕೂತು ನಿಧಾನಕ್ಕೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವಸರ ಮಾಡಿದವರಲ್ಲ.

ಎರಡನೇ ದಿನ ಹೋದ ಚೌಕ ನನ್ನ ದಾಖಲೆಯಲ್ಲಿ ‘ನಷ್ಟ’. ಮೊದಲ ಮೂರು ಚಿತ್ರಗಳಲ್ಲಿ ದಟ್ಟ ಹಸಿರು, ಕೊನೆಯದರಲ್ಲಿ ಕೆಂಪು ಮಣ್ಣು. ನಲವತ್ತೊಂಬತ್ತರಲ್ಲಿ ಒಂದು ಚುಕ್ಕಿಯೂ ಮರದ ಮೇಲಿಲ್ಲ. ಇಷ್ಟು ಸ್ಪಷ್ಟವಾದ ಚೌಕ ಇನ್ನೊಂದಿರಲಿಲ್ಲ, ತಾಳೆ ನೋಡುವುದೂ ಶಾಸ್ತ್ರಕ್ಕೆ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಅಕೇಶಿಯಾದ ಕೂಳೆಗಳು ಸಾಲಾಗಿ ನಿಂತಿದ್ದವು. ನಡುನಡುವೆ ಬೀಜ ಬಿದ್ದು ತಾನಾಗಿ ಎದ್ದ ಸಸಿಗಳು, ಮೊಣಕಾಲೆತ್ತರ. ಸಾಲು ಬಿಟ್ಟು ಸಾಲು ಹೊಸದಾಗಿ ತೆಗೆದ ಗುಂಡಿ.

ನಾನು ನಮೂನೆಯಲ್ಲಿ ‘ತಾಳೆಯಾಗಿದೆ’ ಎಂದು ಬರೆಯುತ್ತಿದ್ದೆ. ಏನು ಬರೆದಿರಿ ಎಂದು ವಾಚರ್ ಕೇಳಿದರು. ಕಾಡು ಕಡಿದಿದ್ದಾರೆ, ಕಾಡು ಹೋಗಿದೆ ಎಂದು ಬರೆದೆ ಎಂದೆ. ಅವರು ಎದ್ದು ನಿಂತರು.

“ಇದು ಕಡಿದದ್ದಲ್ಲ ಮೇಡಂ, ಕೊಯ್ದದ್ದು. ಬರ್ತಾ ದಾರೀಲಿ ಭತ್ತ ಕೊಯ್ದ ಗದ್ದೆ ನೋಡಿದ್ರಲ್ಲ, ಗದ್ದೆ ಹೋಯ್ತು ಅಂತ ಬರೀತೀರೇನು?”

ಆಮೇಲೆ ಅವರು ಹೇಳಿದ್ದು ಇಷ್ಟು. ಇದು ಮೊದಲು ಬ್ಯಾಣ, ಅಂದರೆ ದನ ಮೇಯುವ ಹುಲ್ಲು ನೆಲ. ತಾವು ಕೂಲಿಗೆಂದು ಸೇರಿದ ಹೊಸದರಲ್ಲಿ ಇಲ್ಲಿ ಅಕೇಶಿಯಾ ನೆಟ್ಟರು. ಒಂದು ಸಲ ಕೊಯ್ದು ಮತ್ತೆ ನೆಟ್ಟಾಗಿದೆ, ಈಗ ಎರಡನೇ ಕೊಯ್ಲು. ಮುಂದಿನ ಮಳೆಗೆ ಮತ್ತೆ ಸಸಿ ಬರುತ್ತದೆ, ಗುಂಡಿ ಅದಕ್ಕೇ. ಒಂದು ಬದಿಯಲ್ಲಿ ನೆಡುತೋಪಿನ ಗುರುತಿನ ಕಲ್ಲನ್ನೂ ತೋರಿಸಿದರು. ಅದರ ಮೇಲಿನ ಬಣ್ಣ ಅರ್ಧ ಹಾರಿ ಹೋಗಿತ್ತು.

ಕೈಪಿಡಿಯಲ್ಲಿ ಒಂದು ಸಾಲಿದೆ. ಮತ್ತೆ ಬೆಳೆಸಲೆಂದು ಕಡಿದು, ಸದ್ಯಕ್ಕೆ ಬರಿದಾಗಿರುವ ನೆಲವೂ ಕಾಡೇ. ಆ ಸಾಲು ನನಗೆ ಬಾಯಿಪಾಠ ಇತ್ತು. ಆದರೆ ಚಿತ್ರದಲ್ಲಿ ಮತ್ತೆ ನೆಟ್ಟದ್ದು ಕಣ್ಣಿಗೆ ಬಿದ್ದರೆ ಮಾತ್ರ ಅದು ಅನ್ವಯ ಎಂದು ನಾನೇ ನನಗೊಂದು ಅರ್ಥ ಮಾಡಿಕೊಂಡಿದ್ದೆ. ಕೊನೆಯ ಚಿತ್ರ ಕೊಯ್ಲು ಆದ ಮಾರನೆಯ ತಿಂಗಳದ್ದಾದರೆ ನೆಟ್ಟದ್ದು ಕಾಣುವುದಾದರೂ ಹೇಗೆ? ಕೊನೆಯ ಚಿತ್ರ ಬರಿದಾಗಿದ್ದರೆ ‘ನಷ್ಟ’ ಎಂದು ಒತ್ತಿ ಮುಂದೆ ಹೋಗುವುದು ನನ್ನ ಕೈಗೆ ಅಂಟಿದ ಅಭ್ಯಾಸವಾಗಿತ್ತು. ಬೇಗ ಮುಗಿಸಿದ್ದಕ್ಕೆ ಬಂದ ಒಳ್ಳೆಯ ಮಾತಿನಲ್ಲಿ ಈ ಅಭ್ಯಾಸದ್ದೂ ಒಂದು ಪಾಲಿತ್ತು.

ನಮೂನೆ ಹರಿದು ಹೊಸದು ತೆಗೆದೆ. ಕಾಡು, ಉಳಿದಿದೆ ಎಂದು ಬರೆದದ್ದನ್ನು ಓದಿ ಹೇಳಿದೆ. ವಾಚರಿಗೆ ಅದೂ ಪೂರ್ತಿ ಸರಿಬರಲಿಲ್ಲ.

“ಹಂಗಾದ್ರೆ ನಿಮ್ಮ ಲೆಕ್ಕದಲ್ಲಿ ಕಾನೂ ಕಾಡು, ಇದೂ ಕಾಡು?”

ಕಾನು ಎಂದರೆ ಸೊರಬ ಕಡೆಯ ಹಳೆಯ ನಿತ್ಯಹಸಿರು ಕಾಡು. ಹೌದು, ಆದರೆ ತಾನಾಗಿ ಬೆಳೆದದ್ದೋ ನೆಟ್ಟದ್ದೋ ಎಂದು ಬರೆಯಲು ಬೇರೆ ಕಾಲಂ ಇದೆ ಎಂದೆ. ಆ ಕಾಲಂ ತುಂಬಲೇಬೇಕೆಂದು ಕಡ್ಡಾಯ ಇಲ್ಲ, ನಾನು ಎಷ್ಟೋ ಕಡೆ ಖಾಲಿ ಬಿಟ್ಟಿದ್ದೇನೆ ಎಂಬುದನ್ನು ಅವರಿಗೆ ಹೇಳಲಿಲ್ಲ.

ಮಧ್ಯಾಹ್ನ ಹೋದ ಇನ್ನೊಂದು ಚೌಕದಲ್ಲಿ ಅದರ ತಿರುವುಮುರುವು ಕಾದಿತ್ತು. ನಾಲ್ಕೂ ಚಿತ್ರದಲ್ಲಿ ದಟ್ಟ ಹಸಿರು, ನಾನು ‘ಉಳಿದಿದೆ’ ಎಂದಿದ್ದೆ. ನೆಲದ ಮೇಲೆ ಬೇಲಿ, ಬೇಲಿಯೊಳಗೆ ಫಸಲಿಗೆ ಬಂದ ಅಡಿಕೆ. ಮೊದಲ ಎರಡು ಚಿತ್ರದ ಕಾಲಕ್ಕೆ ಅಲ್ಲಿ ಕಾನಿನ ಅಂಚಿತ್ತು, ಆಮೇಲೆ ಇಲ್ಲ ಎಂದು ವಾಚರ್ ವರ್ಷ ಸಮೇತ ಹೇಳಿದರು. ಮೊಬೈಲಿನಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿದೆ. ಹಿಂದಿನ ಎರಡರಲ್ಲಿ ಹಸಿರು ಹೂಕೋಸಿನ ಹಾಗೆ ಉಬ್ಬುತಗ್ಗು, ಮುಂದಿನ ಎರಡರಲ್ಲಿ ಸಣ್ಣ ಸಣ್ಣ ನಕ್ಷತ್ರ ಜೋಡಿಸಿದ ಹಾಗೆ. ಒಮ್ಮೆ ಗೊತ್ತಾದ ಮೇಲೆ ಕಣ್ಣು ಬೇರೇನನ್ನೂ ನೋಡದು. ಗೊತ್ತಾಗುವ ಮುಂಚೆ ಎಲ್ಲವೂ ಹಸಿರೇ.

ಹೋಗಿದೆ ಎಂದ ಕಾಡು ಹೋಗಿರಲಿಲ್ಲ, ಉಳಿದಿದೆ ಎಂದದ್ದು ಉಳಿದಿರಲಿಲ್ಲ.

ಮಾರನೆಯ ದಿನ ಪರಿಶೀಲಕರಿಗೆ ಫೋನ್ ಮಾಡಿದೆ. ಅವರು ಬೆಂಗಳೂರಿನಲ್ಲಿದ್ದರು. ಸಾವಧಾನದ ಮನುಷ್ಯ, ಒಂದು ವರ್ಷದಲ್ಲಿ ನನ್ನ ಮೇಲೆ ದನಿ ಏರಿಸಿದ್ದಿಲ್ಲ. ಎಲ್ಲ ಕೇಳಿಸಿಕೊಂಡು, ಎರಡನ್ನೂ ತಿದ್ದಿ ಕಳಿಸಿಬಿಡಿ ಎಂದರು.

“ಒಂದು ಬಂತು, ಒಂದು ಹೋಯ್ತು ಮೇಡಂ. ಒಟ್ಟು ಅಷ್ಟೇ ಅಲ್ವಾ? ಯೋಚನೆ ಮಾಡಬೇಡಿ.”

ಲೆಕ್ಕದ ಪ್ರಕಾರ ಅವರ ಮಾತು ನಿಜ. ಎರಡು ತಪ್ಪು ಒಂದನ್ನೊಂದು ನುಂಗಿ ಹಾಕಿದ್ದವು. ನಾನು ಫೋನ್ ಇಟ್ಟು ಗಿರಣಿ ನಿಲ್ಲುವುದನ್ನೇ ಕಾದು, ದಕ್ಷಿಣ ಅಮೆರಿಕದ ಆ ದೇಶದ ಕಡತ ತೆರೆದೆ. ‘ನಷ್ಟ’ ಎಂದು ಬರೆದ ಚೌಕಗಳನ್ನಷ್ಟೇ ಬೇರೆ ಮಾಡಿ ಒಂದೊಂದಾಗಿ ನೋಡಿದೆ. ಬರಿದಾದ ನೆಲದ ಅಂಚು ಗೆರೆ ಎಳೆದಂತೆ ನೇರ. ಪಕ್ಕದಲ್ಲಿ ಅಷ್ಟೇ ಅಗಲದ ಇನ್ನೊಂದು ಪಟ್ಟಿ, ಅದರಲ್ಲಿ ಎಳೆಯ ಮರ. ಅದರಾಚೆ ಬಲಿತ ಮರ. ನಡುವೆ ಲಾರಿ ಹೋಗುವ ದಾರಿ. ಕಾಗದಕ್ಕೆಂದು ನೀಲಗಿರಿ ಬೆಳೆಸಿ, ಸರದಿಯಂತೆ ಕೊಯ್ಯುವ ನೆಡುತೋಪುಗಳು ಅವು. ಅಂಥವು ಒಂದೆರಡಲ್ಲ. ನಾನು ನಷ್ಟ ಎಂದು ಬರೆದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ತರಹದವು. ಅವುಗಳನ್ನು ಸರಿದೂಗಿಸಲು ಅಲ್ಲಿ ಅಡಿಕೆ ತೋಟವೂ ಇರಲಿಲ್ಲ. ಅಲ್ಲಿ ನನ್ನ ತಪ್ಪೆಲ್ಲ ಒಂದೇ ಕಡೆಗೆ ವಾಲಿತ್ತು. ಒಂದು ಚೌಕ ಕಾಗದದ ಮೇಲೆ ಸಾವಿರಾರು ಹೆಕ್ಟೇರಿನ ಪ್ರತಿನಿಧಿ. ನಾನು ಆ ದೇಶದ ಕಾಡನ್ನು ಮೇಜಿನ ಮುಂದೆ ಕೂತು ಕಡಿದು ಹಾಕಿದ್ದೆ.

ಮತ್ತೆ ಫೋನ್ ಮಾಡಿದೆ. ಈ ಸಲ ಪರಿಶೀಲಕರು ಒಪ್ಪಲಿಲ್ಲ. ಆ ದೇಶದ ಪಟ್ಟಿ ಮುಚ್ಚಿ ಆಗಿದೆ, ಮುಂದಿನ ಮೇಜಿಗೆ ಹೋಗಿದೆ, ಅದನ್ನು ವಾಪಸ್ ತೆಗೆಸಿದರೆ ಇಡೀ ಹೋಲಿಕೆ ನಿಲ್ಲುತ್ತದೆ ಎಂದು ವಿವರಿಸಿದರು. ತೆಗೆಸಿದವರ ಹೆಸರು ಗುಣಮಟ್ಟದ ಟಿಪ್ಪಣಿಯಲ್ಲಿ ದಾಖಲಾಗುತ್ತದೆ. ಮುಂದಿನ ಹಂತದ ಜವಾಬ್ದಾರಿ ಕೊಡುವಾಗ ಆ ಟಿಪ್ಪಣಿ ನೋಡುತ್ತಾರೆ. ಬೆದರಿಸುವ ದನಿಯಲ್ಲಿ ಹೇಳಲಿಲ್ಲ, ಇರುವುದನ್ನು ಹೇಳಿದರು. ಯಾವ ಎಣಿಕೆಯಲ್ಲೂ ಸ್ವಲ್ಪ ತಪ್ಪು ಇರುತ್ತದೆ, ಅದಕ್ಕೊಂದು ಅಂದಾಜು ಬಿಟ್ಟಿರುತ್ತೇವೆ, ಸದ್ಯ ನಿಮ್ಮ ಹದಿನಾಲ್ಕು ಮುಗಿಸಿ ಎಂದರು.

ನಾನು ಮುಗಿಸಲು ಕೂತೆ. ಶಿಕಾರಿಪುರದ ಒಂದು, ಸೊರಬದ ಎರಡು ಚೌಕ ತಿದ್ದಿದೆ. ತಿದ್ದಿದ ಮೇಲೆ ನಮ್ಮ ದೇಶದ ಉಳಿದ ಚೌಕಗಳಲ್ಲೂ ಇದೇ ತರಹದವನ್ನು ಹುಡುಕಿ ತಿದ್ದಲು ಹೊರಟೆ. ಹತ್ತಾರು ತಿದ್ದಿದ ಮೇಲೆ ಕೈ ನಿಂತಿತು. ಹೋಲಿಕೆಯ ಪಟ್ಟಿಯಲ್ಲಿ ಈ ಎರಡು ದೇಶ ಅಕ್ಕಪಕ್ಕ ಬರುತ್ತವೆ. ಎರಡನ್ನೂ ಒಂದೇ ತಪ್ಪಿನಿಂದ ಅಳೆದಿದ್ದರೆ ಅದಕ್ಕೂ ಒಂದು ನ್ಯಾಯ ಇತ್ತೇನೋ. ಈಗ ನಾನು ನನ್ನ ದೇಶವನ್ನು ಸರಿಯಾದ ಕೋಲಿನಿಂದ, ಅವರ ದೇಶವನ್ನು ಮೊಂಡು ಕೋಲಿನಿಂದ ಅಳೆಯುತ್ತಿದ್ದೆ. ನಮ್ಮದನ್ನು ತಿದ್ದಿದಷ್ಟೂ ಹೋಲಿಕೆ ಕೆಡುತ್ತಿತ್ತು.

ತಿಳಿದ ಮೇಲೂ ಎರಡು ದಿನ ಏನೂ ಮಾಡಲಿಲ್ಲ. ಹತ್ತು ಜನರ ತಂಡದ ಆಸೆ ನನಗೆ ನಿಜವಾಗಿಯೂ ಇತ್ತು. ಮನೆಯಲ್ಲಿ ಹೇಳಿಕೊಂಡಾಗಿತ್ತು. ಗಿರಣಿಯ ಸದ್ದಿಲ್ಲದ ಒಂದು ಕೋಣೆಯನ್ನೂ ನೋಡಿ ಬಂದಿದ್ದೆ.

ಸೊರಬದಲ್ಲಿ ಎರಡು ಚೌಕ ಬಾಕಿ ಇದ್ದವು. ಮೂರನೇ ದಿನ ಅಲ್ಲಿಗೆ ಹೋದೆ. ಎರಡೂ ಕಾನಿನೊಳಗಿನವು, ಎರಡೂ ನಾನು ಬರೆದಂತೆ ಇದ್ದವು. ಆದರೂ ನಾನು ನಾಲ್ಕೂ ಮೂಲೆಗೆ ಹೋಗಬೇಕೆಂದು ಹಟ ಮಾಡಿದ್ದರಿಂದ, ಒಂದು ಮೂಲೆಗೆ ಬೆತ್ತದ ಮುಳ್ಳು ಹಿಂಡಿಲು ಬಿಡಿಸಿಕೊಂಡು ಹೋಗುವಷ್ಟರಲ್ಲಿ ನಮ್ಮಿಬ್ಬರ ಕೈಯೂ ತರಚಿ ಹೋಗಿತ್ತು. ಕೂತು ಬುತ್ತಿ ಬಿಚ್ಚಿದಾಗ, ನಿಮ್ಮ ಕಾಲದಲ್ಲೂ ಹೀಗೇ ಎಣಿಸುತ್ತಿದ್ದಿರಾ ಎಂದು ಸುಮ್ಮನೆ ಕೇಳಿದೆ. ಎಣಿಸುತ್ತಿದ್ದೆವು ಎಂದರು. ನೆಟ್ಟ ಸಸಿಯಲ್ಲಿ ಎಷ್ಟು ಬದುಕಿದೆ ಎಂದು ಮಳೆಗಾಲದ ಕೊನೆಗೆ ಎಣಿಸಿ ಬರೆಯಬೇಕಿತ್ತಂತೆ. ರೊಟ್ಟಿ ಮುರಿಯುತ್ತಾ, ನನ್ನ ಮುಖ ನೋಡದೆ ಹೇಳಿದರು.

“ರಸ್ತೆ ಹತ್ರದ ಸಾಲು ಎಣಿಸ್ತಿದ್ವಿ. ಹಿಂದಿನ ಸಾಲಿಗೆ ಯಾರು ಹೋಗ್ತಾರೆ ಮೇಡಂ, ಜಿಗಣೆ. ಅದನ್ನ ಕೂತ್ಕೊಂಡೇ ಬರ್ದಿದ್ದೀನಿ. ಒಂದು ವರ್ಷ ಅಲ್ಲ. ಕೇಳಿದವರೂ ಯಾರಿಲ್ಲ.”

ಅದರಿಂದ ಏನಾಯಿತು ಎಂದು ನಾನು ಕೇಳಿದೆ. ಏನೂ ಆಗಲಿಲ್ಲ ಎಂದರು. ಹಿಂದಿನ ಸಾಲಿನ ಗಿಡ ಸತ್ತಿದ್ದವು, ಕಾಗದದಲ್ಲಿ ಬದುಕಿದ್ದವು, ಹಾಗಾಗಿ ಸತ್ತ ಜಾಗಕ್ಕೆ ಮತ್ತೆ ಸಸಿ ಕೊಡಲಿಲ್ಲ, ಅಷ್ಟೇ ಎಂದರು. ಆ ‘ಅಷ್ಟೇ’ ಹೇಳಿ ಅವರು ಬುತ್ತಿಯ ಗಂಟು ಕಟ್ಟಿದರು.

ವಾಪಸ್ ಬರುವಾಗ ಶಿರಾಳಕೊಪ್ಪದಲ್ಲಿ ಸ್ಕೂಟಿ ನಿಲ್ಲಿಸಿ ಚಹಾ ಕುಡಿಯುತ್ತಾ, ಅಲ್ಲೇ ಮೊಬೈಲಿನಲ್ಲಿ ಪರಿಶೀಲಕರಿಗೆ ಪತ್ರ ಬರೆದೆ. ಕೋಣೆಗೆ ಹೋಗಿ ಬರೆಯೋಣ ಎಂದುಕೊಂಡರೆ ಮತ್ತೆ ಎರಡು ದಿನ ಹೋಗುತ್ತಿತ್ತು. ಆ ದೇಶದ ಚೌಕಗಳಲ್ಲಿ ನಾನು ಮಾಡಿದ ತಪ್ಪು ಯಾವ ತರಹದ್ದು, ಯಾಕಾಯಿತು, ಯಾವ ಚೌಕಗಳು ಎಂದು ತಿಳಿಸಿದೆ. ನನ್ನ ಕೆಲಸವನ್ನು ನಾನು ಹಿಂದಕ್ಕೆ ಪಡೆಯುತ್ತೇನೆ, ಪೂರ್ತಿ ಮತ್ತೆ ಓದುತ್ತೇನೆ, ಅಲ್ಲಿಯ ತನಕ ನಮ್ಮ ದೇಶದ ತಿದ್ದುಪಡಿಯನ್ನೂ ಸೇರಿಸಬೇಡಿ, ಸೇರಿಸುವುದಾದರೆ ಎರಡನ್ನೂ ಒಟ್ಟಿಗೆ ಸೇರಿಸಿ ಎಂದು ಮುಗಿಸಿದೆ. ಕಳಿಸಿದ ಮೇಲೆ ಎರಡನೇ ಚಹಾ ಹೇಳಿದೆ.

ನಾಲ್ಕು ದಿನ ಉತ್ತರ ಬರಲಿಲ್ಲ. ಐದನೆಯ ದಿನ ಒಂದೇ ಸಾಲು ಬಂತು. ಪಟ್ಟಿ ಮತ್ತೆ ತೆರೆದಿದೆ, ಶುರು ಮಾಡಿ.

ಮತ್ತೆ ಓದುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ನಾನು ಈಗ ಎಲ್ಲ ಕಡೆ ನೆಡುತೋಪನ್ನೇ ಕಾಣುವ ಅಪಾಯ ಇತ್ತು. ಒಂದು ತಪ್ಪಿನಿಂದ ಎದ್ದು ಅದರ ಎದುರಿನ ತಪ್ಪಿನಲ್ಲಿ ಬೀಳಬಾರದು. ಅದಕ್ಕೆ ಪ್ರತಿ ಚೌಕವನ್ನೂ ಬೇರೆ ಊರಿನ ಇನ್ನೊಬ್ಬ ಓದುಗಾರ್ತಿಗೂ ಕಳಿಸುವ ಏರ್ಪಾಡು ಕೇಳಿದೆ. ನನ್ನ ಉತ್ತರ ಅವರಿಗೆ ಕಾಣದು, ಅವರದು ನನಗೆ ಕಾಣದು. ಬರಿದಾದ ನೆಲಕ್ಕೆ ನಾಲ್ಕು ಪ್ರಶ್ನೆ ಇಟ್ಟುಕೊಂಡೆವು. ಅಂಚು ನೇರವೇ? ಪಕ್ಕದ ಪಟ್ಟಿಗಳಲ್ಲಿ ಬೇರೆ ಬೇರೆ ವಯಸ್ಸಿನ ಮರ ಇವೆಯೇ? ಸಾಲಿನ ಗುರುತು ಇದೆಯೇ? ಕೊಯ್ಲಿನ ನಂತರದ ಚಿತ್ರದಲ್ಲಿ ನೆಲ ಮತ್ತೆ ಹಸಿರಾಗಿದೆಯೇ? ಕೊನೆಯದಕ್ಕಾಗಿ ಇನ್ನೂ ಹೊಸ ಚಿತ್ರಗಳನ್ನು ತರಿಸಿದೆವು. ಅವು ಅಷ್ಟು ಸ್ಪಷ್ಟವಲ್ಲ, ಮರ ಬಿಡಿಬಿಡಿಯಾಗಿ ಕಾಣುವುದಿಲ್ಲ. ಆದರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ತೆಗೆದವಾದ್ದರಿಂದ ಎಳೆ ಚಿಗುರು ಅವುಗಳಲ್ಲಿ ಕಡುಗೆಂಪಾಗಿ ಕಾಣುತ್ತದೆ. ಬೂದು ನೆಲದಲ್ಲಿ ಸಾಲು ಸಾಲಾಗಿ ಕೆಂಪು ಮೂಡಿದ್ದನ್ನು ಮೊದಲ ಸಲ ಕಂಡಾಗ ಕುರ್ಚಿಯಿಂದ ಎದ್ದು ನಿಂತಿದ್ದೆ.

ಎಲ್ಲವೂ ಹಾಗೆ ಆಗಲಿಲ್ಲ. ಕೆಲವು ಚೌಕಗಳಲ್ಲಿ ಕೊಯ್ಲಿನ ನಂತರ ಸೋಯಾ ಬಿತ್ತಿದ್ದು ಕಂಡಿತು. ಅವು ನಷ್ಟವೇ, ಹಾಗೇ ಉಳಿದವು. ಇನ್ನು ಕೆಲವುಗಳಲ್ಲಿ ನಾವಿಬ್ಬರೂ ಬೇರೆ ಬೇರೆ ಉತ್ತರ ಬರೆದಿದ್ದೆವು. ವಿಡಿಯೊ ಕರೆಯಲ್ಲಿ ಕೂತು ವಾದ ಮಾಡಿದೆವು, ಒಮ್ಮೊಮ್ಮೆ ಬಿಸಿಯಾಗಿ. ತೀರ್ಮಾನ ಆಗದೆ ಉಳಿದವುಗಳಿಗೆ ‘ಗೊತ್ತಿಲ್ಲ’ ಎಂದು ಬರೆಯಲು ನಮೂನೆಯಲ್ಲಿ ಜಾಗವೇ ಇರಲಿಲ್ಲ, ಅದನ್ನು ಹೊಸದಾಗಿ ಮಾಡಿಸಿಕೊಂಡೆವು. ತಾನಾಗಿ ಬೆಳೆದದ್ದೋ ನೆಟ್ಟದ್ದೋ ಎಂಬ ಕಾಲಮನ್ನು ಎರಡು ದೇಶಕ್ಕೂ ಒಂದೂ ಬಿಡದೆ ತುಂಬಿದೆ. ಅದನ್ನು ತುಂಬಿದ ಮೇಲೆ ಎರಡೂ ದೇಶದ ಚಿತ್ರ ಮೊದಲಿನಷ್ಟು ಚೆಂದ ಉಳಿಯಲಿಲ್ಲ. ಒಟ್ಟು ಕಾಡು ನಿಂತಿತ್ತು, ಅದರೊಳಗೆ ಹಳೆಯ ಕಾಡು ಕರಗಿತ್ತು. ಆದರೆ ಈಗ ಎರಡರ ಬಗ್ಗೆಯೂ ಒಂದೇ ಮಾತು ಹೇಳಬಹುದಿತ್ತು.

ಮೂರು ವಾರದ ಕೆಲಸ ನಾಲ್ಕು ತಿಂಗಳಾಯಿತು. ಹೊಸ ಪಟ್ಟಿಯಲ್ಲಿ ಆ ದೇಶದ ಕಾಡಿನ ಗೆರೆ ಮೊದಲಿನಷ್ಟು ಕಡಿದಾಗಿ ಇಳಿಯುತ್ತಿರಲಿಲ್ಲ. ಮುಂದಿನ ಹಂತದ ತಂಡ ಬೇರೆಯವರಿಗೆ ಹೋಯಿತು. ನನ್ನನ್ನು ಚಿತ್ರ ಓದುವವಳಾಗಿಯೇ ಮುಂದುವರಿಸಿದರು. ಬೇಸರವಾಗಲಿಲ್ಲ ಎಂದರೆ ಸುಳ್ಳು. ವಾಚರ್ ಒಮ್ಮೆ ಸಂತೆಗೆಂದು ಶಿಕಾರಿಪುರಕ್ಕೆ ಬಂದವರು ಗಿರಣಿ ಮೆಟ್ಟಿಲು ಹತ್ತಿ ಬಂದು ಪರದೆಯ ಮೇಲೆ ಆ ದೇಶದ ಸಾಲುಗಳನ್ನು ನೋಡಿದರು. ಅಲ್ಲಿ ಸಾಲಿನಿಂದ ಸಾಲಿಗೆ ಎಷ್ಟು ಅಂತರ ಎಂದು ಕೇಳಿದರು. ಅಳೆದು ಹೇಳಿದೆ. ನಮಗಿಂತ ಅಗಲ, ಯಂತ್ರ ಓಡಾಡಬೇಕಲ್ಲ ಎಂದು ತಾವೇ ಉತ್ತರ ಹೇಳಿಕೊಂಡು ಇಳಿದು ಹೋದರು.

ಅದಾಗಿ ಬಹಳ ದಿನದ ಮೇಲೆ ಪರಿಶೀಲಕರು ತಾವಾಗಿಯೇ ಫೋನ್ ಮಾಡಿದರು. ಆ ದೇಶದಲ್ಲೂ ನೆಲದ ಮೇಲೆ ತಾಳೆ ನೋಡಲು ತೀರ್ಮಾನವಾಗಿದೆ, ಅಲ್ಲಿಯ ಒಬ್ಬ ಹೆಣ್ಣುಮಗಳನ್ನು ನೇಮಿಸಿಕೊಂಡಿದ್ದೇವೆ, ಕಾಡಿನ ಓದು ಓದಿದವಳು, ಆದರೆ ಈ ಕೆಲಸ ಹೊಸದು, ಏನೇನು ನೋಡಬೇಕು ಎಂದು ಒಂದು ಪುಟದಲ್ಲಿ ಬರೆದುಕೊಡಿ, ಅವರ ಭಾಷೆಗೆ ಮಾಡಿಸಿ ಕಳಿಸುತ್ತೇವೆ ಎಂದರು. ಫೋನ್ ಇಡುವ ಮುಂಚೆ, ಅವತ್ತು ನಿಮ್ಮ ಪತ್ರ ಓದಿ ಸಿಟ್ಟು ಬಂದಿತ್ತು ಎಂದೂ ಹೇಳಿದರು. ಈಗ ಇಲ್ಲವೇ ಎಂದು ನಾನು ಕೇಳಲಿಲ್ಲ.

ಪುಟ ಬರೆಯಲು ಒಂದು ಮಧ್ಯಾಹ್ನ ಹಿಡಿಯಿತು. ಟೇಪು, ಕೋಲು, ನಾಲ್ಕು ಮೂಲೆ, ಚಿತ್ರದ ತಿಂಗಳು, ಗುರುತು ಜಾರಿದರೆ ಕಾಯುವುದು ಎಲ್ಲವನ್ನೂ ಬರೆದೆ. ಬರೆದು ಮುಗಿಸಿ ಓದಿ ನೋಡಿ, ಎಲ್ಲವನ್ನೂ ಒಂದೊಂದು ಸಾಲು ಕೆಳಗೆ ಸರಿಸಿ, ಮೇಲೆ ಖಾಲಿಯಾದ ಮೊದಲ ಸಾಲಿನಲ್ಲಿ ಹೀಗೆ ಸೇರಿಸಿದೆ: ಆ ಜಾಗದಲ್ಲಿ ಗಿಡ ನೆಟ್ಟವರು, ಕೊಯ್ದವರು, ದನ ಮೇಯಿಸಿದವರು ಯಾರಾದರೂ ಹತ್ತಿರದಲ್ಲಿ ಇದ್ದಾರೆಯೇ ವಿಚಾರಿಸಿ. ಇದ್ದರೆ ಅವರನ್ನು ಕರೆದುಕೊಂಡೇ ಹೋಗಿ, ನೀವು ಏನು ಬರೆದಿರಿ ಎಂಬುದನ್ನು ಅಲ್ಲೇ ಅವರಿಗೆ ಓದಿ ಹೇಳಿ.